ಮುಂದಿನ ಬೆಂಚಿನವರ ತಕ್ಕಡಿ

ಸಾಗರದ ಹುಡುಗ: ನಮ್ಮ ಕಡೆ ಒಬ್ಬ ಅಡಿಕೆ ವ್ಯಾಪಾರಿ ಇದ್ದಾರೆ. ಚರ್ಚಿನಲ್ಲಿ ಮುಂದಿನ ಬೆಂಚು, ಕ್ರಿಸ್‌ಮಸ್ ಊಟದ ಖರ್ಚೂ ಅವರದೇ. ಆದರೆ ಅಪ್ಪನ ಚೀಲ ತೂಗುವಾಗ ಅಡಿಯಿಂದ ಮೊಣಕಾಲು ಕೊಟ್ಟು ಎತ್ತಿ ತೂಕ ಇಳಿಸಿದ್ದನ್ನು ಕಣ್ಣಾರೆ ಕಂಡೆ. ದೇವರು ಯಾಕೆ ಸುಮ್ನಿದ್ದಾನೆ?

ತೀರ್ಥಹಳ್ಳಿ ಅಕ್ಕ: ಬೈಬಲ್‌ನಲ್ಲಿ 1 ತಿಮೊಥೆ 5:24 ಓದು ತಮ್ಮಾ. ಕೆಲವರ ಪಾಪ ಮೊದಲೇ ಎದ್ದು ಕಾಣುತ್ತದೆ, ಕೆಲವರದ್ದು ಹಿಂದಿನಿಂದ ಬರುತ್ತದೆ ಅಂತಿದೆ.

ಸಾಗರದ ಹುಡುಗ: ಬರುವಷ್ಟರಲ್ಲಿ ಅಪ್ಪ ಇರಬೇಕಲ್ವಾ ಅಕ್ಕ!

ಭದ್ರಾವತಿ ಮಾವ: ತೀರ್ಪು ದೇವರದು, ಸರಿ. ಹಾಗಂತ ಪ್ರವಾದಿ ನಾತಾನ ಸುಮ್ನಿದ್ದನಾ? ದಾವೀದ ರಾಜನ ತಪ್ಪನ್ನು ಅವನ ಎದುರಿಗೇ ಹೇಳಿದ. ಮೊದಲು ಒಬ್ಬನೇ ಹೋಗಿ ಕೇಳು, ಮತ್ತಾಯ 18:15 ಹೇಳುವುದೂ ಅದನ್ನೇ. ತೆರಿಗೆ ವಸೂಲಿಗಾರ ಜಕ್ಕಾಯ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದಿದ್ದ, ಇವರು ಬರೀ ಅಸಲು ಕೊಟ್ಟರೂ ಸಾಕು. ಮತ್ತೆ ಚೀಲ ಮನೆಯಲ್ಲೇ ತೂಗಿಕೊಂಡು ಹೋಗು ಮಾರಾಯ.