ರಜೆಗೆ ಬರುವ ಮಕ್ಕಳಿಗೆ ನಮ್ಮ ಕಾಲದ ಲಗೋರಿ ಕಲಿಸಬೇಕು: ಚೆಂಡು, ಕಲ್ಲು, ಬಯಲು ಹೇಗಿರಬೇಕು?

ಮುಳಬಾಗಿಲು ಕಡೆಯ ತಾಯಿಯೊಬ್ಬರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮುಳಬಾಗಿಲು ತಾಲ್ಲೂಕಿನ ನನ್ನ ತವರಿನಲ್ಲಿ ಈ ಬೇಸಿಗೆಗೆ ನನ್ನ ಮಕ್ಕಳು, ಅಕ್ಕನ ಮಕ್ಕಳು, ಅಣ್ಣನ ಮಕ್ಕಳು ಎಲ್ಲರೂ ಸೇರುತ್ತಿದ್ದಾರೆ. ಆರು ವರ್ಷದವಳಿಂದ ಹಿಡಿದು ಒಂಬತ್ತನೇ ತರಗತಿಯ ಹುಡುಗನವರೆಗೆ ಎಲ್ಲ ವಯಸ್ಸಿನವರೂ ಇದ್ದಾರೆ. ನಾವು ಆಡುತ್ತಿದ್ದ ಲಗೋರಿಯನ್ನು ಇವರ ಕೈಗೂ ದಾಟಿಸಬೇಕೆಂಬ ಆಸೆ. ಏಪ್ರಿಲ್ 10ರಂದು ಪಾಸು ಎಂದು ತಿಳಿದ ಸಂಜೆಯಿಂದಲೇ ನಾವು ಒಣಗಿದ ಕೆರೆಯಂಗಳದಲ್ಲಿ ಕಲ್ಲು ಪೇರಿಸುತ್ತಿದ್ದೆವು. ಚೆಂಡು ಕಣ್ಣಿಗೆ ಕಾಣದಷ್ಟು ಕತ್ತಲಾದರೂ ಒಬ್ಬರೂ ಮನೆಯ ಕಡೆ ಮುಖ ಮಾಡುತ್ತಿರಲಿಲ್ಲ.

ಅಂಗಡಿಯಲ್ಲಿ ಸಿಗುವ ಬಣ್ಣದ ಬಿಲ್ಲೆಗಳ ಸೆಟ್ ನಮ್ಮ ಮನೆಯಲ್ಲಿದೆ. ಮಕ್ಕಳು ಒಂದು ಸಂಜೆ ಆಡಿದರು. ದೊಡ್ಡವನು ಬೀಸಿದ ಟೆನ್ನಿಸ್ ಚೆಂಡು ತೊಡೆಗೆ ತಗುಲಿ ಚಿಕ್ಕವಳು ಅತ್ತಳು, ಅಲ್ಲಿಗೆ ಸೆಟ್ ಮೂಲೆ ಸೇರಿತು. ಆಗಿನ ಬಟ್ಟೆ ಚೆಂಡನ್ನು ಹೇಗೆ ಕಟ್ಟುವುದು? ಕಲ್ಲು ಎಂಥವಿರಬೇಕು? ಇಷ್ಟು ಅಂತರದ ವಯಸ್ಸಿನವರು ಒಟ್ಟಿಗೆ ಆಡುವಂತೆ ಮಾಡುವುದು ಹೇಗೆ? ನಮ್ಮ ಕೆರೆಯಲ್ಲಿ ಈಗ ನೀರಿದೆ, ಆದ್ದರಿಂದ ಜಾಗವನ್ನೂ ಬೇರೆಡೆ ಹುಡುಕಬೇಕು. ಮಕ್ಕಳಿಗೆ ಕಲಿಸಿದ ಅನುಭವ ಇರುವವರು ದಯವಿಟ್ಟು ಬರೆಯಿರಿ.

ಶಿಡ್ಲಘಟ್ಟದ ದರ್ಜಿಯೊಬ್ಬರು

ಅಕ್ಕ, ನಿಮ್ಮ ಮೊದಲ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಮೂರನೆಯದು ಅರ್ಧ ತಾನಾಗಿಯೇ ಬಗೆಹರಿಯುತ್ತದೆ. ಲಗೋರಿ ನಿಂತಿರುವುದೇ ಚೆಂಡಿನ ಮೇಲೆ. ಟೆನ್ನಿಸ್ ಚೆಂಡು ಬಂದ ಮೇಲೆ ಈ ಆಟ ತೋಳ್ಬಲ ಇದ್ದವರ ಪಾಲಾಯಿತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಟ್ಟೆ ಚೆಂಡನ್ನು ಎಷ್ಟೇ ಬೀಸಿದರೂ ಅದು ಊರಾಚೆ ಹೋಗುವುದಿಲ್ಲ. ಬಿದ್ದಲ್ಲೇ ಒಂದೆರಡು ಸಲ ಕುಪ್ಪಳಿಸಿ ನಿಲ್ಲುತ್ತದೆ. ಮೈಗೆ ತಗುಲಿದರೆ ಸದ್ದು ದೊಡ್ಡದು, ನೋವು ಸಣ್ಣದು. ಹಾಗಿದ್ದಾಗ ಪುಟ್ಟ ಹುಡುಗಿಯೂ ಹೆದರದೆ ಕಲ್ಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಜೋಡಿಸುತ್ತಾಳೆ.

ನಮ್ಮ ತಂದೆಯವರ ಕಾಲದಲ್ಲಿ ರಜೆ ಬಂತೆಂದರೆ ಅಂಗಡಿಯ ಮೆಟ್ಟಿಲ ಮೇಲೆ ಚಿಂದಿಗಾಗಿ ಮಕ್ಕಳ ಸಾಲು. ಅವರು ಯಾರನ್ನೂ ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಮೂಟೆಯನ್ನು ಮುಂದೆ ಸರಿಸಿ, ಹತ್ತಿಯದನ್ನು ಮಾತ್ರ ಆರಿಸಿಕೊಳ್ಳಿ ಎನ್ನುತ್ತಿದ್ದರು. ಆ ಮಾತು ಇವತ್ತಿಗೂ ಸರಿ. ಪಾಲಿಯೆಸ್ಟರ್ ಬೇಡ, ರೇಷ್ಮೆಯ ಚೂರಂತೂ ಬೇಡವೇ ಬೇಡ. ರೇಷ್ಮೆ ಗೂಡಿನ ಮಾರುಕಟ್ಟೆಯ ಊರಿನವನಾಗಿ ಹೇಳುತ್ತಿದ್ದೇನೆ, ಅವು ಒಂದರ ಮೇಲೊಂದು ಜಾರುತ್ತವೆ, ನಾಲ್ಕು ಏಟಿಗೆ ಚೆಂಡು ಸಡಿಲವಾಗುತ್ತದೆ. ಹತ್ತಿಯ ಮೇಲೆ ಹತ್ತಿ ಕಚ್ಚಿಕೊಂಡು ಕೂರುತ್ತದೆ.

ಸವೆದ ಪಂಚೆಯೋ ಹತ್ತಿ ಸೀರೆಯೋ ಇದ್ದರೆ ಅದನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಹರಿಯಿರಿ. ಕತ್ತರಿ ಮುಟ್ಟಿಸಬೇಡಿ, ಹರಿದ ಅಂಚಿನಲ್ಲಿ ಎದ್ದು ನಿಲ್ಲುವ ಎಳೆಗಳೇ ಮುಂದಿನ ಸುತ್ತನ್ನು ಹಿಡಿದುಕೊಳ್ಳುವುದು. ಒಂದು ಚಿಂದಿಯನ್ನು ನಿಂಬೆಹಣ್ಣಿನ ಗಾತ್ರಕ್ಕೆ ಬಿಗಿಯಾಗಿ ಮುದುರಿ, ಅದರ ಮೇಲೆ ಪಟ್ಟಿಯನ್ನು ಎಳೆದೆಳೆದು ಸುತ್ತುತ್ತಾ ಬನ್ನಿ. ಪ್ರತಿ ಸುತ್ತಿಗೂ ಉಂಡೆಯನ್ನು ಕೈಯಲ್ಲಿ ಸ್ವಲ್ಪ ತಿರುಗಿಸಬೇಕು, ಇಲ್ಲವಾದರೆ ಅದು ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ. ಆಗಾಗ ಹೆಬ್ಬೆರಳಿನಿಂದ ಒತ್ತಿ ನೋಡಿ. ಬೆರಳು ಒಳಕ್ಕೆ ಇಳಿಯಿತು ಎಂದರೆ ಅಲ್ಲಿ ಟೊಳ್ಳಿದೆ. ಅಷ್ಟನ್ನು ಬಿಚ್ಚಿ ಮತ್ತೆ ಸುತ್ತಿ. ಮೂಸಂಬಿಯಷ್ಟಾದಾಗ ಹಳೆಯ ಕಾಲುಚೀಲದೊಳಗೆ ತುರುಕಿ, ಚೀಲದ ಬಾಯನ್ನು ತಿರುಚಿ, ಉಳಿದ ಭಾಗವನ್ನು ಅದರ ಮೇಲೆಯೇ ಮಗುಚಿ ಹಾಕಿ. ಕೊನೆಗೆ ದಬ್ಬಳಕ್ಕೆ ಗೋಣಿದಾರ ಪೋಣಿಸಿ ಅಡ್ಡಕ್ಕೂ ಉದ್ದಕ್ಕೂ ಹೊಲಿಗೆ ಹಾಕಿ. ಹೊಲಿಗೆಯ ಕೆಲಸ ದೊಡ್ಡವರು ಮಾಡಲಿ, ಉಳಿದದ್ದೆಲ್ಲ ಮಕ್ಕಳದ್ದೇ ಆಗಲಿ.

ಚೆಂಡು ಸ್ವಲ್ಪ ಪುಟಿಯಬೇಕೆನಿಸಿದರೆ ಪಂಕ್ಚರ್ ಅಂಗಡಿಯಿಂದ ಹಳೆಯ ಸೈಕಲ್ ಟ್ಯೂಬು ತಂದು, ಅಡ್ಡಲಾಗಿ ಬಳೆಯಂತೆ ಕತ್ತರಿಸಿ, ಹಿಗ್ಗಿಸಿ ನಾಲ್ಕೂ ಕಡೆಯಿಂದ ತೊಡಿಸಿ. ನಾಲ್ಕೈದು ಬಳೆ ಸಾಕು, ಹೆಚ್ಚಾದರೆ ಅದು ರಬ್ಬರ್ ಚೆಂಡಾಗಿ ಮತ್ತೆ ಏಟು ಜೋರಾಗುತ್ತದೆ. ತೂಕ ಬರಲೆಂದು ನಡುವೆ ಬೆಣಚುಕಲ್ಲು ಇಡುವ ರೂಢಿ ಕೆಲವರಲ್ಲಿತ್ತು. ಅದನ್ನು ಖಂಡಿತ ಮಾಡಬೇಡಿ. ಒದ್ದೆಯಾದ ಚೆಂಡೂ ಅಷ್ಟೇ ಅಪಾಯ, ಒಣಗುವವರೆಗೆ ಪಕ್ಕಕ್ಕಿಡಿ. ಎರಡು ಚೆಂಡು ಕಟ್ಟಿಟ್ಟುಕೊಂಡರೆ ಆಟ ನಿಲ್ಲುವುದಿಲ್ಲ.

ಚಿಕ್ಕನಾಯಕನಹಳ್ಳಿಯ ಪ್ರಾಥಮಿಕ ಶಾಲಾ ಶಿಕ್ಷಕಿಯೊಬ್ಬರು

ಚೆಂಡಿನ ಬಗ್ಗೆ ಮೇಲಿನ ಅಣ್ಣನವರು ಹೇಳಿದ್ದಕ್ಕೆ ಸೇರಿಸಲು ನನ್ನಲ್ಲಿ ಏನೂ ಇಲ್ಲ. ನಾನು ಕಲ್ಲಿನ ಬಗ್ಗೆ ಹೇಳುತ್ತೇನೆ.

ಅಂಗಡಿಯ ಬಿಲ್ಲೆಗಳು ಹೇಗಿಟ್ಟರೂ ಕೂರುತ್ತವೆ, ಅದೇ ಅವುಗಳ ಕೊರತೆ. ನಾವು ಹೆಕ್ಕಿ ತಂದ ಏಳು ಕಲ್ಲಿನಲ್ಲಿ ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಯಾವುದರ ಬೆನ್ನು ಉಬ್ಬು, ಯಾವುದರ ಹೊಟ್ಟೆ ತಗ್ಗು, ಯಾವುದು ಯಾವುದರ ಮೇಲೆ ಅಲುಗದೆ ಕೂರುತ್ತದೆ ಎಂಬುದು ಕೈಗೆ ಗೊತ್ತಾಗಿರಬೇಕಿತ್ತು. ಹಿಂದಿನಿಂದ ಚೆಂಡು ಬರುತ್ತಿದೆ, ಐದನೆಯ ಕಲ್ಲು ಸಿಗುತ್ತಿಲ್ಲ, ಸಿಕ್ಕಿದ್ದು ಆರನೆಯದು! ಆ ಗಡಿಬಿಡಿಯೇ ಈ ಆಟದ ಜೀವ. ಅದಕ್ಕೇ ಮಕ್ಕಳನ್ನೇ ಕಲ್ಲು ಆರಿಸಲು ಕಳಿಸಿ. ಅಡಿಗಲ್ಲು ದೊಡ್ಡವರ ಅಂಗೈ ಅಗಲ ಇರಲಿ, ತುದಿಯದು ಬಿಸ್ಕತ್ತಿನಷ್ಟು ಸಾಕು. ಏಳೂ ಸೇರಿ ಒಂದು ಗೇಣು ಎತ್ತರ ಬಂದರೆ ಚೆಂಡಿಗೆ ಸರಿಯಾದ ಗುರಿ.

ನಮ್ಮ ಕಡೆ ಮಂಗಳೂರು ಹೆಂಚಿನ ಚೂರನ್ನೂ ಬಳಸುತ್ತಿದ್ದೆವು. ಹಗುರ, ಚೆನ್ನಾಗಿ ಚೆಲ್ಲಾಡುತ್ತದೆ. ಆದರೆ ಅದರ ಅಂಚು ಚೂಪು. ಬಾಗಿಲ ಮುಂದಿನ ಚಪ್ಪಡಿಯ ಮೇಲೆ ನೀರು ಚಿಮುಕಿಸಿ ಅಂಚನ್ನು ಉಜ್ಜಿದರೆ ಕೆಂಪು ಕೆಸರು ಬಿಟ್ಟುಕೊಂಡು ನುಣುಪಾಗುತ್ತದೆ. ಕುಂಟೆಬಿಲ್ಲೆ ಆಟಕ್ಕೆ ಬಚ್ಚ, ಅಂದರೆ ಮನೆಗಳೊಳಗೆ ಎಸೆಯುವ ಬಿಲ್ಲೆ, ಮಾಡುವುದೂ ಹೀಗೆಯೇ. ಮಧ್ಯಾಹ್ನದ ಬಿಸಿಲಿನ ಹೊತ್ತು ಮಕ್ಕಳನ್ನು ನೆರಳಿನಲ್ಲಿ ಕೂರಿಸಲು ಇದಕ್ಕಿಂತ ಒಳ್ಳೆಯ ಕೆಲಸ ನನಗೆ ತಿಳಿದಿಲ್ಲ. ತೆಂಗಿನ ಮಟ್ಟೆಯ ಬ್ಯಾಟು, ಅಡಿಕೆ ಹಾಳೆಯ ಮೇಲೆ ಕೂತು ಎಳೆಸಿಕೊಳ್ಳುವ ಗಾಡಿ, ಎಲ್ಲವೂ ತೋಟದಲ್ಲೇ ಸಿಗುತ್ತಿದ್ದವು, ಆ ದಿನಗಳನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ.

ವಯಸ್ಸಿನ ಅಂತರಕ್ಕೆ ನಮ್ಮ ಹಿರಿಯ ಮಕ್ಕಳು ಕಂಡುಕೊಂಡಿದ್ದ ಉಪಾಯವೇ ಸಾಕು. ಇಬ್ಬರು ನಾಯಕರು. ಉಳಿದವರು ಸರಿಸಮಾನ ಕಸುವಿನ ಜೋಡಿ ಜೋಡಿಯಾಗಿ ದೂರ ಹೋಗಿ, ಹೆಗಲ ಮೇಲೆ ಕೈ ಹಾಕಿಕೊಂಡು ಗುಟ್ಟಿನಲ್ಲಿ ಹೆಸರಿಟ್ಟುಕೊಂಡು ಬರುತ್ತಾರೆ. "ಯಾರಿಗೆ ಬೇಕು ಮಾವಿನಹಣ್ಣು, ಯಾರಿಗೆ ಬೇಕು ಹಲಸಿನಹಣ್ಣು?" ಒಬ್ಬ ನಾಯಕ ಒಂದನ್ನು ಕೇಳುತ್ತಾನೆ, ಇನ್ನೊಂದು ಎದುರಾಳಿಗೆ. ಎಂಟು ವರ್ಷದವರಿಬ್ಬರು ಒಂದು ಜೋಡಿ, ಹನ್ನೆರಡರವರಿಬ್ಬರು ಇನ್ನೊಂದು ಜೋಡಿ. ತಂಡಗಳು ತಕ್ಕಡಿ ಹಿಡಿದಂತೆ ಸಮನಾಗುತ್ತವೆ, ನನ್ನನ್ನು ಯಾರೂ ಕರೆಯಲಿಲ್ಲ ಎಂದು ಕೊನೆಯಲ್ಲಿ ನಿಂತು ಅಳುವ ಮಗುವೂ ಇರುವುದಿಲ್ಲ. ಶಾಲೆಯಲ್ಲಿ ನಾನು ಇವತ್ತಿಗೂ ಇದನ್ನೇ ಮಾಡಿಸುತ್ತೇನೆ.

ಆರು ವರ್ಷದವಳು ಆಟಕ್ಕುಂಟು ಲೆಕ್ಕಕ್ಕಿಲ್ಲ. ಚೆಂಡು ತಗುಲಿದರೂ ಅವಳು ಔಟ್ ಅಲ್ಲ, ಆದರೆ ಅವಳು ಇಟ್ಟ ಕಲ್ಲು ಇಟ್ಟದ್ದೇ. ಎರಡೂ ತಂಡಗಳು ಅವಳನ್ನು ತಮ್ಮ ಕಡೆಗೆ ಬೇಡುವುದನ್ನು ನೀವೇ ನೋಡುವಿರಿ.

ಬಾಗೇಪಲ್ಲಿಯಿಂದ ಒಬ್ಬರು

ನಮ್ಮ ತಾಲ್ಲೂಕು ಇನ್ನೂ ಕೋಲಾರ ಜಿಲ್ಲೆಯಲ್ಲಿದ್ದ ಕಾಲ, ಅಂದರೆ 2007ಕ್ಕೆ ಮುಂಚೆ, ನಾವು ಆಡಿದವರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಹಾಗಾಗಿ ಓಣಿಯಲ್ಲಿ ಅದು ಏಡು ಪೆಂಕುಲಾಟ, ಶಾಲೆಯ ಬಯಲಿನಲ್ಲಿ ಲಗೋರಿ. ನಾಡಹೆಂಚಿನ ಚೂರು ಸಿಕ್ಕರೆ ಬಿಡಬೇಡಿ, ಅದು ಮಂಗಳೂರು ಹೆಂಚಿಗಿಂತ ಮೃದು, ಬೇಗ ಉಜ್ಜಬಹುದು. ಆದರೆ ಬಾಗಿರುವುದರಿಂದ ತುದಿಗೆ ಮಾತ್ರ ಇಡಿ, ಅಡಿಗೆ ಬೇಡ.

ಕೆಜಿಎಫ್‌ನಲ್ಲಿ ಬೆಳೆದವರೊಬ್ಬರು

ಗಣಿ 2001ರಲ್ಲಿ ಮುಚ್ಚುವುದಕ್ಕೂ ಮುಂಚಿನ ಮಾತು. ನಮ್ಮ ಸಾಲುಮನೆಗಳಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ಎಲ್ಲ ಮನೆಯ ಮಕ್ಕಳೂ ಒಟ್ಟಿಗೆ ಆಡುತ್ತಿದ್ದರು. ಒಂದೊಂದು ಸಾಲಿಗೂ ಒಂದೊಂದು ನಿಯಮ. ಆದ್ದರಿಂದ ಮೊದಲ ಚೆಂಡು ಎಸೆಯುವ ಮುಂಚೆಯೇ ದೊಡ್ಡ ಹುಡುಗಿಯೊಬ್ಬಳು ನಿಯಮಗಳನ್ನು ಗಟ್ಟಿಯಾಗಿ ಹೇಳುತ್ತಿದ್ದಳು, ಎಲ್ಲರೂ ಒಪ್ಪಿದೆವು ಎನ್ನಬೇಕಿತ್ತು. ನಿಮ್ಮ ಮಕ್ಕಳೂ ಬೇರೆ ಬೇರೆ ಊರಿನಿಂದ ಬರುತ್ತಿರುವುದರಿಂದ ಈ ಪದ್ಧತಿ ಇಟ್ಟುಕೊಳ್ಳಿ.

ನಾವು ಒಪ್ಪುತ್ತಿದ್ದದ್ದು ಇಷ್ಟು. ಒಬ್ಬರಿಗೆ ಮೂರು ಎಸೆತ. ಕಲ್ಲಿಗೆ ತಗುಲಿ ಹಾರಿದ ಚೆಂಡನ್ನು ಎದುರಾಳಿ ನೆಲ ಮುಟ್ಟುವ ಮುಂಚೆ ಹಿಡಿದರೆ ಎಸೆದವರು ಔಟ್. ಚೆಂಡು ಕೈಯಲ್ಲಿದ್ದಾಗ ಓಡುವಂತಿಲ್ಲ, ನಿಂತಲ್ಲಿಂದಲೇ ಹೊಡೆಯಬೇಕು ಅಥವಾ ಜೊತೆಗಾರರಿಗೆ ಕೊಡಬೇಕು. ಸೊಂಟಕ್ಕಿಂತ ಮೇಲೆ ತಗುಲಿದರೆ ಲೆಕ್ಕವಿಲ್ಲ, ತಲೆಗೆ ಹೊಡೆದವರು ಆ ಸುತ್ತಿಗೆ ಹೊರಗೆ. ಏಳನೆಯ ಕಲ್ಲು ಕೂತು ಲಗೋರಿ ಎಂದು ಕೂಗಿದ ಮೇಲೆ ಬಿದ್ದರೆ ಅದು ಗೆಲುವೇ, ಕೂಗುವ ಮುಂಚೆ ಬಿದ್ದರೆ ಅಲ್ಲ. ಈ ಕೊನೆಯ ನಿಯಮವನ್ನು ಮೊದಲೇ ಹೇಳದಿದ್ದರೆ ಇಡೀ ರಜೆ ಅದರ ಮೇಲೆಯೇ ವಾದ ನಡೆಯುತ್ತದೆ.

ತುಮಕೂರು ನಗರದಿಂದ ಕಾಲೇಜು ವಿದ್ಯಾರ್ಥಿಯೊಬ್ಬ

ನಾವು ಬಡಾವಣೆಯ ರಸ್ತೆಯಲ್ಲಿ ಟೆನ್ನಿಸ್ ಚೆಂಡಿನಲ್ಲೇ ಲಗೋರಿ ಆಡಿ ಬೆಳೆದವರು. ನಮಗೂ ಅದು ಅಷ್ಟೇ ಪ್ರೀತಿಯ ಆಟ. ಬಟ್ಟೆ ಚೆಂಡಿನಲ್ಲಿ ದೊಡ್ಡ ಹುಡುಗರಿಗೆ ಬೇಗ ಬೇಸರವಾಗಬಹುದು ಎಂದು ನನ್ನ ಅನಿಸಿಕೆ.

ಶಿಡ್ಲಘಟ್ಟದ ದರ್ಜಿ

ಬೇಸರವಾದರೆ ಅವರಷ್ಟೇ ಪ್ರತ್ಯೇಕವಾಗಿ ಟೆನ್ನಿಸ್ ಚೆಂಡಿನಲ್ಲಿ ಆಡಲಿ, ತಪ್ಪೇನಿಲ್ಲ ತಮ್ಮ. ಆದರೆ ಎಲ್ಲರೂ ಸೇರಿದ ಹೊತ್ತಿನಲ್ಲಿ ಚಿಕ್ಕವರ ಮೈಗೆ ಒಗ್ಗುವ ಚೆಂಡೇ ಇರಬೇಕು. ಇದರಲ್ಲಿ ನಾನು ರಾಜಿಯಾಗುವುದಿಲ್ಲ. ದೊಡ್ಡವರಿಗೆ ಕಷ್ಟ ಬೇಕೆಂದರೆ ಎಡಗೈಯಲ್ಲಿ ಎಸೆಯಲು ಹೇಳಿ.

ಕೋಲಾರ ತಾಲ್ಲೂಕಿನ ರೈತರೊಬ್ಬರು

ತಾಯಿ, ಕೆರೆಯಲ್ಲಿ ನೀರಿದೆ ಎಂದು ಓದಿ ಸಂತೋಷವಾಯಿತು. ನಮ್ಮ ಮಕ್ಕಳಿಗೆ ಕೆರೆಯಂಗಳ ಆಟದ ಬಯಲಾಗಿದ್ದುದು ಮಳೆ ಕೈಕೊಟ್ಟಿದ್ದರಿಂದ. ಜಾಲಿ ಬೆಳೆದು, ಮಣ್ಣು ಬಿರಿದು ಕೂತಿದ್ದ ಕೆರೆಯಲ್ಲಿ ಆಡಿದ ಸಂತೋಷ ನಮಗೂ ಇದೆ, ಆದರೆ ಅದು ಹಾಗೆಯೇ ಉಳಿಯಲಿ ಎಂದು ಯಾರೂ ಬಯಸಲಾರರು. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರು ಬರಲು ಆರಂಭಿಸಿದ ಮೇಲೆ ನಮ್ಮ ಸುತ್ತಿನ ಹಲವು ಕೆರೆಗಳಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುತ್ತಿದೆ.

ಆದರೆ ಒಂದು ಎಚ್ಚರಿಕೆ. ಕೆರೆಯ ಏರಿಯ ಹತ್ತಿರ, ಅಂಚಿನ ಹತ್ತಿರ ಚೆಂಡಾಟ ಇಡಲೇಬೇಡಿ. ಹಿಂದೆ ಮಣ್ಣು ತೆಗೆದ ಗುಂಡಿಗಳು ನೀರಿನಡಿ ಹಾಗೆಯೇ ಇವೆ, ಮೇಲಿನಿಂದ ಆಳ ತಿಳಿಯುವುದಿಲ್ಲ. ಚೆಂಡು ನೀರಿಗೆ ಬಿದ್ದರೆ ಮಕ್ಕಳು ಹಿಂದುಮುಂದು ನೋಡದೆ ಇಳಿಯುತ್ತಾರೆ. ಸಂಸ್ಕರಿಸಿದ ನೀರನ್ನು ಬಿಡುವುದು ಅಂತರ್ಜಲ ಹೆಚ್ಚಲೆಂದು, ಅದು ಈಜುವ ನೀರಲ್ಲ.

ರಾಗಿ ಕೊಯ್ದ ಹೊಲ ಅಗಲವಾಗಿ ಕಾಣುತ್ತದೆ, ಆದರೆ ಕೂಳೆ ಚುಚ್ಚುತ್ತದೆ. ಮಾವಿನ ತೋಟದಲ್ಲಿ ಆ ತಿಂಗಳುಗಳಲ್ಲಿ ಕಾಯಿ ಇರುತ್ತದೆ, ಕಾವಲುಗಾರರು ಬಿಡುವುದಿಲ್ಲ, ಬಿಡಬಾರದು ಕೂಡ. ನಿಮ್ಮೂರಿಗೆ ಗುಂಡುತೋಪು ಇದ್ದರೆ ಅದೇ ಸರಿಯಾದ ಜಾಗ. ಹೊಂಗೆ, ಹುಣಸೆಯ ನೆರಳು, ಕೆಳಗೆ ದನ ಓಡಾಡಿ ಗಟ್ಟಿಯಾದ ನೆಲ. ಹೊಂಗೆ ಅಷ್ಟು ಹೊತ್ತಿಗೆ ಹೊಸ ಚಿಗುರಿನಲ್ಲಿ ದಟ್ಟವಾಗಿರುತ್ತದೆ. ಕಲ್ಲುಮುಳ್ಳನ್ನು ಮೊದಲು ಪೊರಕೆಯಿಂದ ಗುಡಿಸಿ. ನಾಲ್ಕು ಗಂಟೆಯ ಮೇಲೆ ಕಳಿಸಿ, ಒಂದು ಬಿಂದಿಗೆ ನೀರು ಜೊತೆಗಿರಲಿ. ಪಾನಕ ಮಾಡಿಕೊಟ್ಟರೆ ಇನ್ನೂ ಒಳ್ಳೆಯದು.

ಪ್ರಶ್ನೆ ಕೇಳಿದ ತಾಯಿ

ಎಲ್ಲರಿಗೂ ಮನಸ್ಸು ತುಂಬಿ ವಂದನೆಗಳು. ಅಮ್ಮನಿಗೆ ಫೋನ್ ಮಾಡಿದ್ದೆ, ಅಪ್ಪನ ಹಳೆಯ ಪಂಚೆಗಳನ್ನು ಎತ್ತಿಡುತ್ತೇನೆ ಎಂದರು. ನಮ್ಮೂರ ಗುಂಡುತೋಪಿನಲ್ಲಿ ಹುಣಸೆ ಮರಗಳು ಇನ್ನೂ ಇವೆಯಂತೆ. ಒಂದೇ ಸಂದೇಹ ಉಳಿದಿದೆ: ಎಸೆಯುವ ಗೆರೆಯನ್ನು ಕಲ್ಲಿನಿಂದ ಎಷ್ಟು ದೂರ ಎಳೆಯಬೇಕು? ಒಂಬತ್ತನೇ ತರಗತಿಯವನಿಗೂ ಆರು ವರ್ಷದವಳಿಗೂ ಒಂದೇ ಗೆರೆ ಆಗುವುದಿಲ್ಲವಲ್ಲ.

ಚಿಕ್ಕನಾಯಕನಹಳ್ಳಿಯ ಶಿಕ್ಷಕಿ

ಮೂರು ಗೆರೆ ಎಳೆಯಿರಿ. ದೊಡ್ಡವರಿಗೆ ಹದಿನೈದು ಹೆಜ್ಜೆ, ನಡುವಿನವರಿಗೆ ಹತ್ತು, ಚಿಕ್ಕವಳಿಗೆ ಆರು. ಎಲ್ಲ ಹೆಜ್ಜೆಗಳನ್ನೂ ಚಿಕ್ಕವಳೇ ಅಳೆಯಲಿ, ಅವಳ ಹೆಜ್ಜೆಯೇ ಅಳತೆ. ಮೂರೂ ಎಸೆತಗಳಲ್ಲಿ ಗುರಿ ತಪ್ಪಿದವರು ಮುಂದಿನ ಸರದಿಯಲ್ಲಿ ಒಂದು ಹೆಜ್ಜೆ ಮುಂದೆ ಬರಬಹುದು ಎಂದು ನಾವು ಶಾಲೆಯಲ್ಲಿ ಸೇರಿಸಿಕೊಂಡಿದ್ದೇವೆ. ಅದನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂಬುದನ್ನು ನಿಮ್ಮ ಮಕ್ಕಳೇ ಕೂತು ತೀರ್ಮಾನಿಸಲಿ.