‘ಕರಗು’ ಸಾಕಾಗದ ಕಡೆ: ಅಯಾನಿನ ಸುತ್ತ ದ್ರಾವಕ ನೆರೆಯುವುದಕ್ಕೆ ಯಾವ ಪದ?

ಮಾನ್ಯರೇ,

ಪುಣೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ನಾನು, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡ ಶಾಲೆಗಳಲ್ಲಿ ಓದಿ ಬರುವ ವಿದ್ಯಾರ್ಥಿಗಳಿಗಾಗಿ, ನೀರು ಮತ್ತು ಆಲ್ಕೊಹಾಲ್‌ಗಳ ಮಿಶ್ರಣದಲ್ಲಿ ಲವಣಗಳು ಹೇಗೆ ವರ್ತಿಸುತ್ತವೆ ಎಂಬುದನ್ನು ಕುರಿತು ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಕರಗಿದ ಲವಣದ ಅಯಾನುಗಳ, ಅಂದರೆ ಆವೇಶವುಳ್ಳ ಕಣಗಳ, ಸುತ್ತ ದ್ರಾವಕದ (ಕರಗಿಸುವ ದ್ರವದ) ಅಣುಗಳು ನೆರೆಯುವುದಕ್ಕೆ ಒಂದು ಪದ ಸಿಗದೆ ಬರವಣಿಗೆ ನಿಂತಿದೆ.

ತೊಡಕು ‘ಕರಗು’ ಎಂಬುದರಲ್ಲಿಲ್ಲ. ಮರಾಠಿಯಲ್ಲಿ ಮೇಣಕ್ಕೆ ‘ವಿತಳಣೆ’, ಉಪ್ಪಿಗೆ ‘ವಿರಘಳಣೆ’ ಎಂದು ಬೇರೆ ಬೇರೆ ಕ್ರಿಯಾಪದಗಳಿವೆ. ನಮ್ಮಲ್ಲಿ ಎರಡೂ ಕರಗುತ್ತವೆ. ಆದರೆ ‘ನೀರಿನಲ್ಲಿ’ ಎಂಬ ಸಪ್ತಮಿ ಸೇರಿದೊಡನೆ ಅರ್ಥ ತಿಳಿಯಾಗುವುದರಿಂದ ಇದನ್ನು ಕೊರತೆಯೆಂದು ನಾನು ಎಣಿಸುವುದಿಲ್ಲ.

ತೊಡಕು ಕರಗಿದ ಮೇಲಿನದು. ಇನ್ನು ಕರಗದು ಎನ್ನುವಷ್ಟು ಉಪ್ಪು ಕರಗಿಸಿ ಸೋಸಿದ ತಿಳಿನೀರಿಗೆ ಎಥನಾಲ್ ಎಂಬ ಆಲ್ಕೊಹಾಲನ್ನು ಪಿಪೆಟ್ಟಿನಿಂದ ಬಿಟ್ಟರೆ, ಅದು ಬಿದ್ದ ಕಡೆ ದ್ರಾವಣ ಹಾಲಿನಂತೆ ಬೆಳ್ಳಗಾಗಿ, ಸ್ವಲ್ಪ ಹೊತ್ತಿನಲ್ಲಿ ಬೀಕರಿನ ತಳದಲ್ಲಿ ನುಣ್ಣನೆಯ ಹರಳುಗಳು ಕೂರುತ್ತವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಗ್ರಾಂ ನೀರಿನಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗಿದರೆ, ಅಷ್ಟೇ ತೂಕದ ಮೆಥನಾಲ್ ಎಂಬ ಇನ್ನೊಂದು ಆಲ್ಕೊಹಾಲಿನಲ್ಲಿ 1.4 ಗ್ರಾಂ, ಎಥನಾಲಿನಲ್ಲಿ 0.1 ಗ್ರಾಂಗಿಂತಲೂ ಕಡಿಮೆ. ವಿರುದ್ಧ ಆವೇಶಗಳ ನಡುವಿನ ಸೆಳೆತವನ್ನು ತಗ್ಗಿಸುವ ಶಕ್ತಿಯನ್ನು ಸೂಚಿಸುವ ಡೈಎಲೆಕ್ಟ್ರಿಕ್ ಸ್ಥಿರಾಂಕ ನೀರಿಗೆ ಸುಮಾರು 78, ಮೆಥನಾಲಿಗೆ 33, ಎಥನಾಲಿಗೆ 24 ಇರುವುದು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣಕ್ಕೇ ಪದ ಬೇಕಾಗಿರುವುದು. ನೀರಿನ ಅಣುಗಳು ಸೋಡಿಯಂ ಅಯಾನಿಗೆ ಆಕ್ಸಿಜನ್ನಿನ ಬದಿಯನ್ನೂ ಕ್ಲೋರೈಡಿಗೆ ಹೈಡ್ರೋಜನ್ನಿನ ಬದಿಯನ್ನೂ ತಿರುಗಿಸಿ ಅವುಗಳ ಸುತ್ತ ನೆರೆಯುತ್ತವೆ. ಎಥನಾಲ್ ಬೆರೆತಾಗಲೂ ಈ ಅಯಾನುಗಳ ಮಗ್ಗುಲಲ್ಲಿ ನೀರಿನ ಪಾಲು ಮಿಶ್ರಣದಲ್ಲಿರುವ ಅದರ ಪಾಲಿಗಿಂತ ಹೆಚ್ಚಾಗಿರುತ್ತದೆ.

ಈ ನೆರೆಯುವಿಕೆಗೆ ‘ಜಲೀಕರಣ’ ಎಂದರೆ ಎಲ್ಲ ಕಡೆಯೂ ಸಲ್ಲದು, ಏಕೆಂದರೆ ನೀರು ಮತ್ತು ಅಸಿಟೊನೈಟ್ರೈಲ್ ಎಂಬ ಸಾವಯವ ದ್ರಾವಕದ ಮಿಶ್ರಣದಲ್ಲಿ ಬೆಳ್ಳಿಯ ಅಯಾನಿನ ಬಳಿ ಅಸಿಟೊನೈಟ್ರೈಲೇ ಹೆಚ್ಚು ಸೇರುತ್ತದೆ. ‘ದ್ರಾವಕೀಕರಣ’ ಎಂದರೆ ಅಯಾನೇ ದ್ರಾವಕವಾಯಿತೆಂಬ ಅರ್ಥ ಬರುತ್ತದೆ. ‘ಹೊದಿಕೆ’ ಎಂದು ಬರೆದು ನೋಡಿದೆ. ಸೋಡಿಯಂ ಸುತ್ತಲಿನ ನೀರಿನ ಅಣು ಒಂದು ನ್ಯಾನೊಸೆಕೆಂಡಿನೊಳಗೇ ಜಾಗ ಬಿಟ್ಟು ಇನ್ನೊಂದು ಬರುವಾಗ, ಹೊದ್ದು ಮಲಗಿದ ಕಂಬಳಿಯಂತಹ ಸ್ಥಿರ ಚಿತ್ರ ಹುಡುಗರ ಮನಸ್ಸಿನಲ್ಲಿ ಮೂಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಹಳಗನ್ನಡದ ‘ಬಳಸು’, ಅಂದರೆ ಸುತ್ತುವರಿ, ಬಹಳ ಹಿಡಿಸಿತು. ಇಂದಿನ ‘ಬಳಕೆ’ ಮಾತ್ರ ಅದರ ದಾರಿಗೆ ಅಡ್ಡ ನಿಂತಿದೆ. ಸದ್ಯಕ್ಕೆ ‘ಸುತ್ತುವರಿಕೆ’ ಎಂದು ಇಟ್ಟುಕೊಂಡಿದ್ದೇನೆ.

ಎರಡರಲ್ಲಿ ಒಂದು ದ್ರಾವಕವೇ ಹೆಚ್ಚಾಗಿ ಸೇರುವುದನ್ನು ‘ಆಯ್ದ ಸುತ್ತುವರಿಕೆ’ ಎನ್ನಬೇಕೇ, ‘ಒಲವಿನ ಸುತ್ತುವರಿಕೆ’ ಎನ್ನಬೇಕೇ? ಆಯ್ಕೆಗೆ ಆಯುವವರೊಬ್ಬರು ಬೇಕು. ಒಲವಿಗೆ ‘ಒಂದು ಕಡೆ ವಾಲು’ ಎಂಬ ಅರ್ಥಚ್ಛಾಯೆಯೂ ಇರುವುದರಿಂದ ನನ್ನ ಮನಸ್ಸು ಅದರ ಕಡೆಗಿದೆ. ಹಳಗನ್ನಡ ಬಲ್ಲವರು ‘ಬಳಸು’ವಿನಿಂದಲೇ, ‘ಬಳಕೆ’ಯೊಡನೆ ಗೊಂದಲವಾಗದಂತಹ ನಾಮಪದವೊಂದನ್ನು ಸಾಧಿಸಬಹುದೇ ಎಂಬುದನ್ನೂ ದಯವಿಟ್ಟು ತಿಳಿಸಬೇಕು.