ಪಾರ್ಟಿ ಹೆಸರು ಹಾಕಿದರೆ ಲೆಡ್ಜರ್ ಬರೋಕೆ 7 ಸೆಕೆಂಡ್: ನೆಟ್ ತಪ್ಪಾ, ಸರ್ವರ್ ತಪ್ಪಾ?

ಕೌಲ್‌ಬಜಾರ್_ಹುಡುಗಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿ ಕೌಲ್ ಬಜಾರಿನಲ್ಲಿ ನಮ್ಮ ಸೋದರಮಾವನ ಜೀನ್ಸ್ ಯೂನಿಟ್ ಇದೆ. ಹೊಲಿಗೆ, ವಾಶಿಂಗ್, ಪ್ಯಾಕಿಂಗ್ ಎಲ್ಲಾ ಮಾವ ನೋಡಿಕೊಳ್ಳುತ್ತಾರೆ, ಕಂಪ್ಯೂಟರ್ ಕೆಲಸ ನನ್ನದು. ಪಾರ್ಟಿಗಳ ಆರ್ಡರ್, ಬಾಕಿ, ಯಾರು ಯಾವಾಗ ಫೋನ್ ಮಾಡಿ ಏನು ಹೇಳಿದರು, ಇಷ್ಟೂ ಒಂದೇ ಕಡೆ ಇರಲಿ ಅಂತ ಒಂದು ಸಾಫ್ಟ್‌ವೇರ್ ಮಾಡಿಸಿದ್ದೇವೆ. ಆಪ್ ಜಾಂಗೋದಲ್ಲಿ (ಪೈಥಾನ್ ವೆಬ್ ಫ್ರೇಮ್‌ವರ್ಕ್), ಡೇಟಾಬೇಸ್ ಪೋಸ್ಟ್‌ಗ್ರೆಸ್‌ನಲ್ಲಿ, ಎರಡೂ ಕ್ಲೌಡ್‌ನಲ್ಲಿವೆ. ಮಾಡಿಕೊಟ್ಟವರು ಈಗ ಸರಿಯಾಗಿ ಫೋನ್ ಎತ್ತುತ್ತಿಲ್ಲ. ಕೋಡ್, ಪಾಸ್‌ವರ್ಡ್ ನನ್ನ ಹತ್ತಿರ ಇವೆ. ಪೈಥಾನ್ ಓದಿದರೆ ಅರ್ಥವಾಗುತ್ತದೆ.

ತೊಂದರೆ ಇಷ್ಟು. ಫೋನ್ ಬಂದಾಗ ಪಾರ್ಟಿ ಹೆಸರು ಹಾಕಿ ಒತ್ತಿದರೆ ಲೆಡ್ಜರ್ ಬರಲು 6ರಿಂದ 8 ಸೆಕೆಂಡ್ ಆಗುತ್ತಿದೆ. ಫೋನ್ ಹಿಡಿದ ಹುಡುಗ "ಒಂದ್ನಿಮಿಷ ಸರ್, ಬರ್ತಾ ಇದೆ" ಅಂತ ಹೇಳುತ್ತಾ ಕೂರಬೇಕು. ಹೊಸ ಪಾರ್ಟಿಗಳದ್ದು ಬೇಗ ತೆರೆಯುತ್ತದೆ. ವರ್ಷಗಟ್ಟಲೆ ನಮ್ಮಲ್ಲೇ ಮಾಲು ತೆಗೆದುಕೊಳ್ಳುತ್ತಿರುವ ಹಳೆ ಪಾರ್ಟಿಗಳದ್ದೇ ತಡ. ನಮಗೆ ಜಾಸ್ತಿ ವ್ಯಾಪಾರ ಕೊಡುವವರನ್ನೇ ಜಾಸ್ತಿ ಕಾಯಿಸುವುದು ನನಗೆ ತುಂಬಾ ಬೇಜಾರು.

ಸರ್ವರ್ ಮುಂಬೈಯಲ್ಲಿದೆ. ಅದರ ಸಿಪಿಯು 10 ಪರ್ಸೆಂಟ್ ದಾಟುವುದೇ ಇಲ್ಲ. ಮಾಡಿಕೊಟ್ಟವರು "ನಿಮ್ಮ ಊರಿನ ನೆಟ್ ಸ್ಲೋ" ಅಂದರು. ಪರಿಚಯದ ಇನ್ನೊಬ್ಬರು ದೊಡ್ಡ ಸರ್ವರ್ ತೆಗೆದುಕೊಳ್ಳಿ ಅಂದರು, ಅದಕ್ಕೆ ತಿಂಗಳ ಬಿಲ್ ಎರಡರಷ್ಟಾಗುತ್ತದೆ. ದಸರಾ, ದೀಪಾವಳಿ ಆರ್ಡರ್ ಶುರುವಾಗುವ ಮುಂಚೆ ಇದು ಸರಿಯಾಗಲೇಬೇಕು. ಎಲ್ಲಿಂದ ನೋಡುತ್ತಾ ಬರಲಿ?

ರಾಯಚೂರು_ಹತ್ತಿ

ದೊಡ್ಡ ಸರ್ವರ್ ಮಾತ್ರ ತಗೋಬೇಡಿ ತಂಗಿ. ಸಿಪಿಯು 10 ಪರ್ಸೆಂಟ್ ಅಂದರೆ ಸರ್ವರ್ ಕೆಲಸದಲ್ಲಿ ಮುಳುಗಿಲ್ಲ, ಯಾವುದಕ್ಕೋ ಕಾಯುತ್ತಾ ಕೂತಿದೆ. ಕಾಯುವ ಸರ್ವರನ್ನು ದೊಡ್ಡದು ಮಾಡಿದರೂ ಅಷ್ಟೇ ಹೊತ್ತು ಕಾಯುತ್ತದೆ. ದುಡ್ಡು ದಂಡ.

ನಾನು ರಾಯಚೂರಿನಲ್ಲಿ ಹತ್ತಿ ವ್ಯಾಪಾರಿಗಳಿಗೆ ಇಂಥದ್ದೇ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಯಾರೇ "ಸ್ಲೋ" ಅಂದರೂ ಮೊದಲು ಒಂದೇ ಒಂದು ರಿಕ್ವೆಸ್ಟ್ ಹಿಡಿದು, ಆ ಸೆಕೆಂಡುಗಳು ಎಲ್ಲೆಲ್ಲಿ ಹೋದವು ಅಂತ ಬಿಡಿಸಿ ನೋಡುತ್ತೇನೆ. ಅದಕ್ಕೆ ಕರ್ಲ್ (ಕಮಾಂಡ್ ಲೈನಿನಿಂದ ವೆಬ್ ವಿಳಾಸ ಕರೆಯುವ ಸಾಧನ) ಸಾಕು. ಹೈಫನ್ ಡಬ್ಲ್ಯು ಆಯ್ಕೆ ಕೊಟ್ಟು ಟೈಮ್_ನೇಮ್‌ಲುಕಪ್, ಟೈಮ್_ಕನೆಕ್ಟ್, ಟೈಮ್_ಆಪ್‌ಕನೆಕ್ಟ್, ಟೈಮ್_ಸ್ಟಾರ್ಟ್‌ಟ್ರಾನ್ಸ್‌ಫರ್, ಟೈಮ್_ಟೋಟಲ್ ಕೇಳಿ. ನಿಧಾನ ಇರುವ ಒಂದು ಹಳೆ ಪಾರ್ಟಿಯ ಲೆಡ್ಜರನ್ನೇ ಕರೆಯಿರಿ. ಒಂದು ಎಚ್ಚರ: ಈ ಅಂಕಿಗಳು ಎಲ್ಲಾ ಶುರುವಿನಿಂದ ಲೆಕ್ಕ. ಒಂದೊಂದು ಹಂತಕ್ಕೆ ಎಷ್ಟಾಯಿತು ಅಂತ ತಿಳಿಯಬೇಕಾದರೆ ಹಿಂದಿನದನ್ನು ಕಳೆಯಬೇಕು.

ಅದರ ಜೊತೆ ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್ (ಯಾವ ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಎಷ್ಟು ಸಲ, ಎಷ್ಟು ಹೊತ್ತು ಓಡಿತು ಅಂತ ಲೆಕ್ಕ ಇಡುವ ಎಕ್ಸ್‌ಟೆನ್ಷನ್) ಹಾಕಿ, ಕಾಲ್ಸ್ ಕಾಲಮ್ ಪ್ರಕಾರ ಜೋಡಿಸಿ ನೋಡಿ. ಎಲ್ಲರೂ ಯಾವ ಕ್ವೆರಿ ಹೆಚ್ಚು ಹೊತ್ತು ತಿನ್ನುತ್ತದೆ ಅಂತಲೇ ಹುಡುಕುತ್ತಾರೆ. ನಿಮ್ಮ ಕೇಸಿನಲ್ಲಿ ಯಾವ ಕ್ವೆರಿ ಹೆಚ್ಚು ಸಲ ಓಡಿದೆ ಅನ್ನುವುದು ನನಗೆ ಬೇಕು. ಹಳೆ ಪಾರ್ಟಿಗಳದ್ದೇ ನಿಧಾನ ಅಂದಿರಲ್ಲ, ಆ ಮಾತಿನ ಮೇಲೆ ನನಗೆ ಅನುಮಾನ ಬಂದಿದೆ.

ಗಂಗಾವತಿ_ಸೋನಾ

ಇಷ್ಟೆಲ್ಲಾ ಯಾಕೆ, ಮುಂದೆ ಒಂದು ರೆಡಿಸ್ ಕ್ಯಾಶ್ (ಒಮ್ಮೆ ತೆಗೆದ ಉತ್ತರವನ್ನು ಮೆಮೊರಿಯಲ್ಲಿ ಇಟ್ಟುಕೊಂಡು ಮತ್ತೆ ಕೊಡುವುದು) ಇಟ್ಟುಬಿಡಿ. ನಮ್ಮ ಅಕ್ಕಿ ಗಿರಣಿಯ ಸಾಫ್ಟ್‌ವೇರ್‌ಗೆ ಹಾಗೇ ಮಾಡಿದೆವು. ರೇಟ್ ಪಟ್ಟಿ, ಸ್ಟಾಕ್ ಪೇಜು ಈಗ ಥಟ್ಟನೆ ಬರುತ್ತವೆ.

ರಾಯಚೂರು_ಹತ್ತಿ

ಸೋನಾ ಅವರೇ, ದಿನಕ್ಕೊಮ್ಮೆ ಬದಲಾಗುವ ರೇಟ್ ಪಟ್ಟಿಗೆ ಕ್ಯಾಶ್ ಒಳ್ಳೆಯದೇ. ಬಾಕಿ ಲೆಕ್ಕಕ್ಕೆ ಬೇಡ. ಪಾರ್ಟಿ ಬೆಳಿಗ್ಗೆ ಹಣ ಹಾಕಿ ಆಮೇಲೆ ಫೋನ್ ಮಾಡುತ್ತಾರೆ ಅಂದುಕೊಳ್ಳಿ. ತೆರೆಯ ಮೇಲೆ ಹಳೆ ಬಾಕಿ ಇದ್ದರೆ ಹುಡುಗ ಅದನ್ನೇ ಕೇಳುತ್ತಾನೆ. ಹಣ ಕೊಟ್ಟವರ ಹತ್ತಿರ ಮತ್ತೆ ಹಣ ಕೇಳಿದರೆ ಆ ವ್ಯಾಪಾರ ಉಳಿಯುತ್ತದಾ? 7 ಸೆಕೆಂಡ್ ಕಾಯಿಸುವುದಕ್ಕಿಂತ ಅದು ಕೆಟ್ಟದ್ದು. ಕಾರಣ ಗೊತ್ತಾಗುವ ಮುಂಚೆ ಕ್ಯಾಶ್ ಇಟ್ಟರೆ ರೋಗ ಒಳಗೇ ಉಳಿಯುತ್ತದೆ.

ಕೌಲ್‌ಬಜಾರ್_ಹುಡುಗಿ

ಅಣ್ಣ, ನೀವು ಹೇಳಿದ ಹಾಗೆ ಮಾಡಿದೆ. ದೊಡ್ಡ ಪಾರ್ಟಿ ಒಂದರದ್ದು ಹೀಗೆ ಬಂತು:

ನೇಮ್‌ಲುಕಪ್ 0.020, ಕನೆಕ್ಟ್ 0.052, ಆಪ್‌ಕನೆಕ್ಟ್ 0.090, ಸ್ಟಾರ್ಟ್‌ಟ್ರಾನ್ಸ್‌ಫರ್ 7.410, ಟೋಟಲ್ 7.460.

ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್‌ನಲ್ಲಿ ಎಲ್ಲಕ್ಕಿಂತ ಮೇಲೆ ಇರುವುದು ಪೇಮೆಂಟ್ಸ್ ಟೇಬಲ್‌ನಿಂದ ಒಂದು ಆರ್ಡರಿನ ಜಮಾ ತೆಗೆಯುವ ಸಣ್ಣ ಕ್ವೆರಿ. ಕಾಲ್ಸ್ ಉಳಿದವಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇದೆ. ಆದರೆ ಸರಾಸರಿ 0.6 ಮಿಲಿಸೆಕೆಂಡ್ ಮಾತ್ರ. ಇಷ್ಟು ಫಾಸ್ಟ್ ಇರುವ ಕ್ವೆರಿ ತಪ್ಪು ಹೇಗಾಗುತ್ತದೆ? ಈ ಪಾರ್ಟಿಗೆ ಒಟ್ಟು 118 ಆರ್ಡರ್ ಇವೆ.

ರಾಯಚೂರು_ಹತ್ತಿ

ಬಹಳ ಚೆನ್ನಾಗಿ ತೆಗೆದಿದ್ದೀರಿ. ಈಗ ಓದೋಣ.

ಕನೆಕ್ಟ್‌ನಿಂದ ನೇಮ್‌ಲುಕಪ್ ಕಳೆದರೆ 32 ಮಿಲಿಸೆಕೆಂಡ್. ಅಂದರೆ ಬಳ್ಳಾರಿಯಿಂದ ಮುಂಬೈಗೆ ಹೋಗಿ ಬರಲು ಇಷ್ಟು ಸಮಯ. ಇದು ಒಳ್ಳೆಯ ನೆಟ್. ನಿಮ್ಮ ಊರಿನ ಲೈನಿನ ಮೇಲೆ ಹಾಕಿದ ಆರೋಪ ಇಲ್ಲಿಗೆ ಮುಗಿಯಿತು. ಕೊನೆಯಲ್ಲಿ ಡೇಟಾ ಇಳಿಯಲು 50 ಮಿಲಿಸೆಕೆಂಡ್, ಅದೂ ಏನಿಲ್ಲ. ನಡುವಿನ, ಅಂದರೆ ಆಪ್‌ಕನೆಕ್ಟ್‌ನಿಂದ ಸ್ಟಾರ್ಟ್‌ಟ್ರಾನ್ಸ್‌ಫರ್ (ಉತ್ತರದ ಮೊದಲ ಬೈಟ್ ಬರುವ) ತನಕದ 7.3 ಸೆಕೆಂಡ್ ಪೂರ್ತಿ ಸರ್ವರ್ ಕಡೆಯದು.

118 ಆರ್ಡರಿಗೆ 118 ಕ್ವೆರಿ ಹೋಗುತ್ತಿದೆ. ಗೋಡೌನಿನಿಂದ 118 ಪ್ಯಾಂಟನ್ನು ಬಂಡಲ್ ಕಟ್ಟದೆ ಒಂದೊಂದೇ ಹೊತ್ತು ತಂದ ಹಾಗೆ. ಆದರೆ ಅದೊಂದೇ ಆಗಿದ್ದರೆ 118 ಸಲ 0.6 ಅಂದರೆ ಸುಮಾರು 71 ಮಿಲಿಸೆಕೆಂಡ್ ಆಗಬೇಕಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್ ಡೇಟಾಬೇಸ್ ಒಳಗಿನ ಸಮಯ ಮಾತ್ರ ಹೇಳುತ್ತದೆ, ದಾರಿಯ ಸಮಯ ಅದಕ್ಕೆ ಕಾಣುವುದಿಲ್ಲ. 7.3 ಸೆಕೆಂಡನ್ನು 118ರಿಂದ ಭಾಗಿಸಿ. ಒಂದೊಂದಕ್ಕೆ 60 ಮಿಲಿಸೆಕೆಂಡ್ ಆಸುಪಾಸು ಬರುತ್ತದೆ. ಮುಂಬೈಯಿಂದ ಸಿಂಗಪುರಕ್ಕೆ ಹೋಗಿ ಬರುವ ಸಮಯ ಹೆಚ್ಚುಕಡಿಮೆ ಅಷ್ಟೇ. ಡೇಟಾಬೇಸ್ ವಿಳಾಸದಲ್ಲಿ ರೀಜನ್ (ಕ್ಲೌಡ್ ಡೇಟಾಸೆಂಟರ್ ಇರುವ ಜಾಗ) ಹೆಸರು ಇರುತ್ತದೆ. ಏನಿದೆ ನೋಡಿ ಹೇಳಿ.

ಕೌಲ್‌ಬಜಾರ್_ಹುಡುಗಿ

ಎಪಿ-ಸೌತ್‌ಈಸ್ಟ್-1 ಅಂತ ಇದೆ!

ರಾಯಚೂರು_ಹತ್ತಿ

ಇದು ಎಡಬ್ಲ್ಯುಎಸ್ (ಅಮೆಜಾನ್ ಕ್ಲೌಡ್) ಇಟ್ಟಿರುವ ಹೆಸರು, ಸಿಂಗಪುರವೇ. ಮುಂಬೈ ಅಂದರೆ ಎಪಿ-ಸೌತ್-1. ಪಟ್ಟಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಮುಂಬೈ ರೀಜನ್ ಬಂದದ್ದೇ 2016ರಲ್ಲಿ. ಅದಕ್ಕೂ ಮುಂಚೆ ನಮ್ಮ ಕಡೆಯ ಎಷ್ಟೋ ಜನ ಸಿಂಗಪುರದಲ್ಲೇ ಇಡುತ್ತಿದ್ದರು.

ಎರಡೂ ಸರಿ ಮಾಡಬೇಕು, ಮೊದಲು ಕೋಡ್. ಪೇಮೆಂಟ್ಸ್ ಆರ್ಡರಿಗೆ ಹಿಮ್ಮುಖ ಸಂಬಂಧ (ಒಂದು ಆರ್ಡರಿಗೆ ಹಲವು ಪೇಮೆಂಟ್), ಹಾಗಾಗಿ ಸೆಲೆಕ್ಟ್_ರಿಲೇಟೆಡ್ ಆಗಲ್ಲ, ಪ್ರಿಫೆಚ್_ರಿಲೇಟೆಡ್ ಬೇಕು. ಆಗ 118ರ ಬದಲು ಒಂದೇ ಕ್ವೆರಿಯಲ್ಲಿ ಎಲ್ಲಾ ಜಮಾ ಬರುತ್ತದೆ. ಇಲ್ಲಿ ಬಹಳ ಜನ ಸಿಕ್ಕಿಬೀಳುವ ಒಂದು ಜಾಗ ಇದೆ. ಸೀರಿಯಲೈಸರ್ (ಡೇಟಾವನ್ನು ತೆರೆಗೆ ಕಳಿಸುವ ರೂಪಕ್ಕೆ ತರುವ ಕೋಡ್) ಒಳಗೆ ಯಾರಾದರೂ ಪೇಮೆಂಟ್ಸ್ ಮೇಲೆ ಮತ್ತೆ ಫಿಲ್ಟರ್ ಅಥವಾ ಆರ್ಡರ್_ಬೈ ಹಚ್ಚಿದ್ದರೆ ಪ್ರಿಫೆಚ್ ಮಾಡಿದ್ದು ವೇಸ್ಟ್, ಜಾಂಗೋ ಸುಮ್ನೆ ಹೊಸ ಕ್ವೆರಿ ಕಳಿಸುತ್ತದೆ. ಹಾಗಿದ್ದರೆ ಆ ಫಿಲ್ಟರನ್ನು ಪ್ರಿಫೆಚ್ ಆಬ್ಜೆಕ್ಟ್ ಒಳಗೇ ಕೊಟ್ಟು ಟು_ಆಟ್ರ್ ಬಳಸಿ.

ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಕಾನ್_ಮ್ಯಾಕ್ಸ್_ಏಜ್ ನೋಡಿ. ಏನೂ ಹಾಕದಿದ್ದರೆ ಅದು 0. ಪ್ರತಿ ರಿಕ್ವೆಸ್ಟ್‌ಗೂ ಡೇಟಾಬೇಸ್ ಜೊತೆ ಹೊಸದಾಗಿ ಕನೆಕ್ಷನ್ ಮಾಡುತ್ತದೆ, ಅದಕ್ಕೇ ಸಿಂಗಪುರಕ್ಕೆ ಹಲವು ಸಲ ಹೋಗಿ ಬರಬೇಕು. 60 ಅಂತ ಹಾಕಿ.

ಕೊನೆಗೆ ಡೇಟಾಬೇಸನ್ನು ಮುಂಬೈಗೆ ತನ್ನಿ. 2022ರಿಂದ ಹೈದರಾಬಾದ್ ರೀಜನ್ ಕೂಡ ಇದೆ, ನಮ್ಮ ರಾಯಚೂರಿಗಂತೂ ಪಕ್ಕದಲ್ಲೇ. ಆದರೂ ಆ ಆಸೆಗೆ ಬೀಳಬೇಡಿ. ಆಪ್ ಎಲ್ಲಿದೆಯೋ ಡೇಟಾಬೇಸ್ ಅಲ್ಲೇ ಇರಬೇಕು. ಒಂದು ಲೆಡ್ಜರಿಗೆ ನೀವು ಸರ್ವರ್ ಹತ್ತಿರ ಹೋಗುವುದು ಒಂದೇ ಸಲ, ಸರ್ವರ್ ಡೇಟಾಬೇಸ್ ಹತ್ತಿರ ಹೋಗುವುದು ಹಲವು ಸಲ.

ಯೂನಿಟ್ ರಜೆ ಇರುವ ದಿನ ಮಾಡಿ. ಆಪ್ ನಿಲ್ಲಿಸಿ, ಡಂಪ್ ತೆಗೆದು, ಹೊಸ ಕಡೆ ರಿಸ್ಟೋರ್ ಮಾಡಿ, ತಪ್ಪದೆ ಅನಲೈಸ್ ಓಡಿಸಿ. ಅದು ಬಿಟ್ಟುಹೋದರೆ ಪೋಸ್ಟ್‌ಗ್ರೆಸ್‌ಗೆ ಟೇಬಲ್‌ಗಳ ಅಂದಾಜೇ ಇರುವುದಿಲ್ಲ, ಕ್ವೆರಿಗಳು ಅಡ್ಡದಾರಿ ಹಿಡಿಯುತ್ತವೆ. ಸಿಂಗಪುರದ್ದನ್ನು ಕೂಡಲೇ ಅಳಿಸಬೇಡಿ. ಕೆಲವು ಪಾರ್ಟಿಗಳ ಬಾಕಿ ಎರಡೂ ಕಡೆ ತಾಳೆ ನೋಡಿ, ಆಮೇಲೆ.

ಕೌಲ್‌ಬಜಾರ್_ಹುಡುಗಿ

ಅಣ್ಣ, ಮೊದಲು ಪ್ರಿಫೆಚ್ ಹಾಕಿದಾಗ ಏನೂ ಬದಲಾಗಲಿಲ್ಲ. ನೀವು ಹೇಳಿದ್ದೇ ಆಗಿತ್ತು. ಸೀರಿಯಲೈಸರ್‌ನಲ್ಲಿ ಬೌನ್ಸ್ ಆದ ಚೆಕ್ ಬಿಡಲು ಒಂದು ಫಿಲ್ಟರ್ ಇತ್ತು. ಅದನ್ನು ಪ್ರಿಫೆಚ್ ಒಳಗೆ ಸೇರಿಸಿದ ಮೇಲೆ ಅದೇ ಪಾರ್ಟಿ 0.8 ಸೆಕೆಂಡ್‌ಗೆ ಬಂತು. ಕಾನ್_ಮ್ಯಾಕ್ಸ್_ಏಜ್ ಹಾಕಿದ ಮೇಲೆ 0.45. ಭಾನುವಾರ ಡೇಟಾಬೇಸ್ ಮುಂಬೈಗೆ ತಂದೆ, ಈಗ 0.2. ಬಾಕಿ ಎಲ್ಲಾ ತಾಳೆಯಾಗಿದೆ. ಸರ್ವರ್ ಬದಲಿಸಲಿಲ್ಲ. ಮಾವನಿಗೆ ತುಂಬಾ ಖುಷಿ, ನಿಮಗೆ ನಮಸ್ಕಾರ ಹೇಳಿ ಅಂದಿದ್ದಾರೆ.

ಒಂದು ಉಳಿದಿದೆ. ಫೋನ್ ನೋಟ್ಸ್‌ನಲ್ಲಿ ಪದ ಹುಡುಕಿದರೆ ಇನ್ನೂ 2 ಸೆಕೆಂಡ್ ಆಗುತ್ತದೆ. ಆ ಟೇಬಲ್‌ನಲ್ಲಿ ಲಕ್ಷಗಟ್ಟಲೆ ಸಾಲುಗಳಿವೆ. ಕೋಡ್‌ನಲ್ಲಿ ಐಕಂಟೇನ್ಸ್ ಇದೆ. ಆ ಕಾಲಮ್‌ಗೆ ಇಂಡೆಕ್ಸ್ ಹಾಕಿದೆ, ಏನೂ ಉಪಯೋಗ ಆಗಲಿಲ್ಲ.

ಗಂಗಾವತಿ_ಸೋನಾ

ಇದು ನನಗೆ ಗೊತ್ತು ಅಕ್ಕ. ಐಕಂಟೇನ್ಸ್ ಪದವನ್ನು ವಾಕ್ಯದ ನಡುವೆಯೂ ಹುಡುಕುತ್ತದೆ. ಮಾಮೂಲಿ ಇಂಡೆಕ್ಸ್ ಮೊದಲ ಅಕ್ಷರದಿಂದ ಹಿಡಿದು ಹುಡುಕುವುದಕ್ಕೆ ಮಾತ್ರ. ಪಿಜಿ_ಟಿಆರ್‌ಜಿಎಂ (ಪದಗಳನ್ನು ಮೂರು ಮೂರು ಅಕ್ಷರದ ತುಂಡು ಮಾಡುವ) ಎಕ್ಸ್‌ಟೆನ್ಷನ್ ಹಾಕಿ ಜಿನ್ ಇಂಡೆಕ್ಸ್ ಮಾಡಿ. ಆದರೆ ಸುಮ್ನೆ ಕಾಲಮ್ ಮೇಲೆ ಮಾಡಿದರೆ ಜಾಂಗೋ ಅದನ್ನು ಮುಟ್ಟುವುದಿಲ್ಲ. ಪೋಸ್ಟ್‌ಗ್ರೆಸ್‌ಗೆ ಐಕಂಟೇನ್ಸ್ ಹೋಗುವುದು ಅಪ್ಪರ್ (ದೊಡ್ಡಕ್ಷರ) ಮಾಡಿದ ರೂಪದಲ್ಲಿ. ಹಾಗಾಗಿ ಇಂಡೆಕ್ಸ್ ಕೂಡ ಅಪ್ಪರ್ ಆಫ್ ನೋಟ್ಸ್ ಮೇಲೆಯೇ ಇರಬೇಕು. ಹಾಕಿದ ಮೇಲೆ ಎಕ್ಸ್‌ಪ್ಲೇನ್ ಅನಲೈಸ್ ಕೊಟ್ಟು ನೋಡಿ, ಬಿಟ್‌ಮ್ಯಾಪ್ ಇಂಡೆಕ್ಸ್ ಸ್ಕ್ಯಾನ್ ಅಂತ ಬಂದರೆ ಹತ್ತಿತು ಅಂತ ಅರ್ಥ. ಇನ್ನೂ ಸೀಕ್ವೆನ್ಶಿಯಲ್ ಸ್ಕ್ಯಾನ್ (ಟೇಬಲ್ ಪೂರ್ತಿ ಸಾಲು ಸಾಲಾಗಿ ಓದುವುದು) ಅಂತಿದ್ದರೆ ಅದನ್ನು ಪೂರ್ತಿ ಇಲ್ಲಿ ಹಾಕಿ, ನೋಡೋಣ. ಎರಡೇ ಅಕ್ಷರ ಹಾಕಿ ಹುಡುಕಿದರೆ ಮಾತ್ರ ಈ ಇಂಡೆಕ್ಸ್ ಸಹಾಯ ಮಾಡುವುದಿಲ್ಲ. ಕನಿಷ್ಠ 3 ಅಕ್ಷರ ಹಾಕಿ ಅಂತ ಹುಡುಗರಿಗೆ ಹೇಳಿಡಿ.